ನಿಂತೇ ಬರಬೇಕು

ಹಾವೇರಿ ಪಿ.ಬಿ. ರೋಡಿನ ಶೋರೂಮಿಗೆ
ಕ್ಯಾನು ಹಿಡಕೊಂಡೇ ಹೋದೆ.
ಗಾಜಿನ ಬಾಗಲಾ ತಗದ ಹುಡುಗ
‘ಹಾಲೇನ್ರಿ ಮೇಡಮ್?’ ಅಂದ.
ಅಲ್ಲೋ ತಮ್ಮಾ,
ಮುರ್ರಾ ಕೋಣದ ಮೂವತ್ತು ನಳಿಗಿ,
ಹೊಗಿಯಾಡೋ ಥಂಡಿಯೊಳಗ ಮಲಗ್ಯಾವು;
ಎಚ್ಚರಾದ್ರ ಎಮ್ಮಿ ಹೊಟ್ಟಿಯೊಳಗೇ ಎಚ್ಚರಾಗಬೇಕು.
ಅವ ಕೈ ಹಿಂದಕ್ಕ ತಗೊಂಡ.
ಅಂಗಿ ಮ್ಯಾಲ ಹೆಸರು: ಮಾಲತೇಶ.

ಬಣ್ಣ ಐದು ಅಂದ, ಫೋನಿಗೆ ಗಂಟು ಬೀಳತೈತಿ ಅಂದ,
ಹಿಂದಕ್ಕೂ ಹೊಕ್ಕೈತ್ರಿ ಅಂದ.
ನಾನು ಚೀಲದಾಗಿನ ಟೇಪ್ ತಗದೆ,
ಬ್ಲೌಸ್ ಅಳಿಯೋ ಟೇಪು.
ಡಿಕ್ಕಿಯ ಆಳ ಒಂದು ಗೇಣು, ಮ್ಯಾಲ ನಾಕು ಬೆರಳು.
ಕ್ಯಾನಿಂದು ಎರಡು ಗೇಣು.
‘ಮಲಗಿಸಿ ಇಡ್ರಿ.’
ಮಲಗಿಸಿದ್ರ ಚೆಲ್ಲತೈತಿ, ಚೆಲ್ಲಿದ್ರ ಸಾಯತಾವು.
ಇದು ನಿಂತೇ ಬರಬೇಕು, ನಿಂತೇ ಹೋಗಬೇಕು,
ಬೀಗರಂಗ, ಇದಕ್ಕ ಬಾಗೂದು ಬರೂದಿಲ್ಲ.

ದೊಡ್ಡ ಡಿಕ್ಕಿಯ ಗಾಡಿಗೆ
ಕಾಲಿಡೋ ಜಾಗಾದಾಗ ಗುಡ್ಡ ಎದ್ದಿತ್ತು.
ಹಂಚಿನಂಗ ಸಪಾಟ ಇದ್ದ ಗಾಡಿಯ ಡಿಕ್ಕಿಯೊಳಗ
ಉದ್ದನ್ನ ಕೈಗವಸು, ಗನ್ನು, ಬಿಸಿನೀರಿನ ಥರ್ಮಾಸು,
ಇಷ್ಟು ಇಟ್ಟರ ನನ್ನ ಬುತ್ತಿಗೆ ಜಾಗಾ ಇಲ್ಲ.
ಇರಲಿ. ಬುತ್ತಿ ಹ್ಯಾಂಡಲಿಗೆ ಜೋತು ಬೀಳಲಿ.

ಇನ್ನ ಬ್ಯಾಟರಿ.
‘ನೂರಾ ಇಪ್ಪತ್ತು ಕಿಲೋಮೀಟರ್.’
ಯಾವ ರಸ್ತಾದ ಮ್ಯಾಲ?
ಅವ ಕಾಗದ ತಿರುವಿ ನೋಡಿದ,
ಕಾಗದದಾಗ ರಸ್ತಾನೇ ಇರಲಿಲ್ಲ.
ನಂದು ಕರ್ಜಗಿ ದಾಟಿದ ಮ್ಯಾಲ ಎರಿ ಹಾದಿ,
ಮಳಿ ಬಿದ್ರ ಗಾಲಿಗೆ ಕಣಕ ಹತ್ತಿದಂಗ ಮಣ್ಣು,
ಆಷಾಢದ ಗಾಳಿ ಎದಿಗೇ ಕೈಯಿಟ್ಟು ನೂಕತೈತಿ.
ಅದನ್ನೆಲ್ಲಾ ಕಳದು ಹೇಳು.

ಮಾಲತೇಶ, ನನ್ನ ದಂಧೇನೇ ಸೋರೂದು.
ಮುಚ್ಚಳಾ ಹಾಕಿದ್ರೂ ನೈಟ್ರೋಜನ್ ದಿನಾ ಇಷ್ಟಿಷ್ಟು ಹಾರತೈತಿ.
ಎಮ್ಮಿ ಬೆದಿ ರಾತ್ರಿ ಗುಟ್ಟಾಗಿ ಬಂದು
ಹೊತ್ತೇರೂದ್ರೊಳಗ ಇಳದು ಹೋಗತೈತಿ,
ತಪ್ಪಿದ್ರ ಇಪ್ಪತ್ತೊಂದು ದಿನ
ಬರೇ ಮೇವು, ಬರೇ ಸಗಣಿ, ದಾವಲಬೀಯ ಬೈಗುಳ.
ಇವುಗಳ ಜೋಡಿ ಸೋರೂದು ಇನ್ನೊಂದನ್ನ
ರೊಕ್ಕಾ ಕೊಟ್ಟು ಒಯ್ಯಬೇಕಲ್ಲ,
ಅದಕ್ಕ ಇಷ್ಟು ಕೇಳತೇನಿ.

ಅಳತಿ ಕಡ್ಡಿ ಕ್ಯಾನಿನೊಳಗ ಅದ್ದಿ ತಗದು
ಗಾಳ್ಯಾಗ ಆಡಿಸಿದೆ.
ಎಲ್ಲಿತನಕ ಮಂಜು ಹಿಡೀತೋ ಅಲ್ಲಿತನಕ ಐತಿ.
ನಾಕು ಬೆರಳು ಬೆಳ್ಳಗ.
ನಿನ್ನ ಗಾಡಿಗೆ ಇಂಥಾ ಕಡ್ಡಿ ಐತೇನು?
ಪರದೆ ಮ್ಯಾಲಿನ ಐದು ಹಸರು ಗೆರಿ ತೋರಿಸಿದ.
ಆಮ್ಯಾಲೆ ಮ್ಯಾನೇಜರನ ಕಡೆ ಒಮ್ಮೆ ನೋಡಿ
ಸಣ್ಣ ದನಿಲೆ,
‘ಮದಲಿನ ನಾಕು ಖರೇ ರೀ. ಕಡೀದು ಲಗೂನ ಹೊಕ್ಕೈತಿ.
ಎರಡು ಉಳದಾಗೇ ಮನಿ ಕಡೆ ತಿರಗ್ರಿ.’
ಆ ಮಾತಿಗೆ ಮುಂಗಡ ಕೊಟ್ಟೆ.

ಅಮಾಸಿ ಮುಂದ, ನಸಿಕಿನ ನಾಕಕ್ಕ ಫೋನು.
ಎರಡೂ ಮೊಣಕಾಲ ನಡುವ ಕ್ಯಾನು ನಿಂತೇ ಬಂತು.
ಸಪ್ಪಳಿಲ್ಲದ ಗಾಡಿಗೆ
ನಾಯಿ ಬೊಗಳೂದ ಮರತುವು.
‘ಬಂದದ್ದ ಗೊತ್ತಾಗಲಿಲ್ಲಲ್ಲವಾ’ ಅಂದಳು ದಾವಲಬಿ.
ಎಮ್ಮಿಗೂ ಗೊತ್ತಾಗಿರಲಿಲ್ಲ, ಬೆದರದ ನಿಂತಿತ್ತು.

ಕೆಲಸ ಮುಗಿಸಿ ಕೈ ತೊಳಕೊಂಡು ನೋಡಿದ್ರ ಎರಡೇ ಗೆರಿ.
ಬ್ಯಾಟರಿ ಬಿಚ್ಚಿದೆ, ಹಿಟ್ಟಿನ ಡಬ್ಬಿಯಷ್ಟು ಭಾರ,
ಗ್ವಾದಲಿ ಬಾಜೂಕ ಇಟ್ಟು
ಮೇವು ಕತ್ತರಿಸೋ ಮಷೀನಿನ ಪ್ಲಗ್ಗಿಗೆ ಹಚ್ಚಿದೆ.
ಎಮ್ಮಿ ಒಮ್ಮೆ ಅದನ್ನ ಮೂಸಿ ನೋಡಿ
ಮೇವಿಗೆ ಬಾಯಿ ಹಾಕಿತು.

‘ಹಿಡೀತೇನವಾ?’
ಚಾ ಕೊಡತಾ ಕೇಳಿದಳು.
ಯಾವುದನ್ನ ಕೇಳಿದಳೋ.
ಕೆಂಪು ದೀಪ ಹತ್ತಿತ್ತು. ಇದಂತೂ ಹಿಡದೈತಿ ಅಂದೆ.
ದಾವಲಬಿ ಒಲಿಯಾಗಿನ ಇದ್ದಲಿ ತಗೊಂಡು
ಗೋಡಿ ಮ್ಯಾಲ ತಾರೀಖು ಬರದಳು,
ಮದಲಿನ ಮೂರು ತಾರೀಖಿನ ಕೆಳಗ.